ಕೆಂಪು ರಟ್ಟಿನ ಪುಸ್ತಕ

ಹಿಂದಿ ಮಾಸ್ತರ ಮನೆಯಲ್ಲಿ ಆ ತಿಂಗಳು ಯಾರ ನಾಲಿಗೆಗೂ ಖಾರ ಸೋಕಲಿಲ್ಲ. ಒಗ್ಗರಣೆಯ ಹೊಗೆ ಗಂಟಲಿಗೆ ಹತ್ತುತ್ತದೆ, ಕರಿದದ್ದು ತಿಂದರೆ ದನಿ ಕಟ್ಟುತ್ತದೆ, ತಣ್ಣೀರಂತೂ ವಿಷ ಎಂದು ಮಾಸ್ತರು ಅಪ್ಪಣೆ ಹೊರಡಿಸಿದ್ದರು. ಒಬ್ಬರ ಗಂಟಲಿಗೋಸ್ಕರ ಮನೆಮಂದಿಯೆಲ್ಲ ಸಪ್ಪೆ ಬೇಳೆ, ಬೇಯಿಸಿದ ತರಕಾರಿ ತಿಂದುಕೊಂಡು ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ಅಪ್ಪ, ಅವರು ಕೇಳಿರೋದು ಪುಸ್ತಕದ ಪಟ್ಟಿ ಮಾತ್ರ," ಎಂದು ಮಗಳು ಎರಡು ಸಲ ಹೇಳಿ ನೋಡಿದಳು.

ಅವಳಿಗೆ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ. ಪುಸ್ತಕಗಳನ್ನು ಯಾರಿಂದಲಾದರೂ ಓದಿಸಿ, ಆಡಿಯೋ ಬುಕ್ ಮಾಡಿ ಮಾರುವ ಸ್ಟುಡಿಯೋ ಅದು. ಪ್ರಾಚೀನ ಭಾರತದ ರಾಜನೀತಿ, ತತ್ವಶಾಸ್ತ್ರದ ಗ್ರಂಥಗಳನ್ನು ಹಿಂದಿಯಲ್ಲಿ ಮಾಡಬೇಕು, ಯಾವುದನ್ನು ತೆಗೆದುಕೊಳ್ಳಬಹುದು, ಬಲ್ಲವರು ಯಾರಾದರೂ ಇದ್ದಾರಾ ಎಂದು ಅಲ್ಲಿಯ ಯಜಮಾನರು ಕೇಳಿದಾಗ ಅವಳು ತನ್ನ ಅಪ್ಪ ಇದ್ದಾರೆ ಅಂದಿದ್ದಳು. ಅಷ್ಟೇ ಆಗಿದ್ದು. ಆದರೆ ಮಾಸ್ತರು ಅಂದಿನಿಂದಲೇ ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೇನು ಹಾಕಿ ಬಾಯಿ ಮುಕ್ಕಳಿಸತೊಡಗಿದರು.

"ಪಟ್ಟಿ ಕೊಡೋನಿಗೆ ಓದೋಕೆ ಬರಲ್ವಾ? ಮೂವತ್ತು ವರ್ಷ ಮಕ್ಕಳಿಗೆ ಹಿಂದಿ ಓದಿಸಿದ ಬಾಯಿ ಕಣೇ ಇದು," ಎಂದರು ಮಗಳಿಗೆ.

"ಓದಿಸಿದ ಬಾಯೇನೋ ಹೌದು. ನಮಗೆ ತಿನ್ನೋ ಬಾಯಿ ಇದೆಯಲ್ಲ, ಅದಕ್ಕೇನು ಗತಿ?" ಎಂದಳು ಅವರ ಹೆಂಡತಿ, ಉಪ್ಪಿನ ಡಬ್ಬಿಯನ್ನು ಅತ್ತೆಯ ಕಡೆಗೆ ಸರಿಸುತ್ತ.

ಮಾಸ್ತರು ಪಟ್ಟಿ ಮಾಡಲು ಒಂದು ವಾರ ತೆಗೆದುಕೊಂಡರು. ಅವರ ಬೀರುವಿನಲ್ಲಿ ಆ ಬಗೆಯ ಆರು ಗ್ರಂಥಗಳ ಹಿಂದಿ ಅನುವಾದಗಳಿದ್ದವು. ಮನೆಯವರಿಗೆ ಅವುಗಳ ಪರಿಚಯ ರಟ್ಟಿನ ಬಣ್ಣದಿಂದ ಮಾತ್ರ. ನೀಲಿ ರಟ್ಟು ಎಂದರೆ ಗುರುಶಿಷ್ಯರು ಮರದ ಕೆಳಗೆ ಕೂತು ಆಡಿದ ಪ್ರಶ್ನೋತ್ತರ. ಓದಲು ಹಗುರ, ಕೇಳಲು ಚೆಂದ. ಕಪ್ಪು ರಟ್ಟು ತರ್ಕ. ಕೆಂಪು ರಟ್ಟು ಎಂದರೆ ಒಬ್ಬ ಮುದಿ ಮಂತ್ರಿ ತನ್ನ ರಾಜನನ್ನು ಕೂರಿಸಿಕೊಂಡು ಕೋಟೆ, ಕಣಜ, ದೂತರು, ತೆರಿಗೆ ಎಲ್ಲವನ್ನೂ ಹೇಳಿದ್ದು. ಒಂದೊಂದು ಪದ ಅರ್ಧ ಸಾಲು ಉದ್ದ, ಉಸಿರು ಹಿಡಿದು ಓದಬೇಕು. ಮಾಸ್ತರು ನೀಲಿಯನ್ನು ಮೊದಲು ಬರೆದು, ಕೆಂಪನ್ನು ಕೊನೆಗಿಟ್ಟರು. ಕೇಳುವವರನ್ನು ಮೊದಲ ದಿನವೇ ಓಡಿಸಬಾರದಲ್ಲ!

ಯಜಮಾನರು ಪಟ್ಟಿ ಒಪ್ಪಿ, "ಸರ್, ಹಾಗೇ ಬಂದು ಒಂದು ಪುಟ ಓದಿ ನೋಡಿ," ಎಂದು ಮರ್ಯಾದೆಗೆ ಕರೆದರು. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪುಸ್ತಕದ ಚೀಲವನ್ನು ತಮ್ಮನ ಹೆಗಲಿಗೆ ಹಾಕಿ ಹೊರಟರು.

ಈ ತಮ್ಮನ ವಿಷಯ ಇಲ್ಲೇ ಹೇಳಿಬಿಡಬೇಕು. ಮಾಸ್ತರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಮದುವೆಯಾಗಲಿಲ್ಲ, ಮುಂದಿನ ಕೋಣೆಯಲ್ಲಿ ಮಲಗುತ್ತಾನೆ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಷ್ಟನೇ ಕಟ್ಟೆಗೆ ಬರುತ್ತದೆ ಎಂದು ಮೂರು ಭಾಷೆಗಳಲ್ಲಿ ಕೂಗಿ ಹೇಳುವುದು ಅವನ ಕೆಲಸ. ಬೀದಿಯಲ್ಲಿ ಎಲ್ಲರೂ ಅವನನ್ನು ಮೈಕು ಅನ್ನುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಹಿಂದಿಯಲ್ಲಿ ಫೇಲಾಗಿ ಶಾಲೆ ಬಿಟ್ಟವನು. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹಿಂದಿ ಮಾಸ್ತರು ಯಾರು? ಇವರೇ. ಪಾಸಾಗಲು ಮೂವತ್ತೈದು ಬೇಕಿತ್ತು, ಇವರು ಕೊಟ್ಟದ್ದು ಮೂವತ್ತನಾಲ್ಕು. ಒಡಹುಟ್ಟಿದವನಿಗೆ ಒಂದು ಅಂಕ ಎತ್ತಿಹಾಕಿದರು ಅಂತ ನಾಳೆ ಯಾರೂ ಬೆರಳು ತೋರಿಸಬಾರದು ಎಂದರಂತೆ. ತಾಯಿ ಮೂರು ದಿನ ಊಟ ಬಿಟ್ಟಿದ್ದಳು. ಆ ಒಂದು ಅಂಕದ ಮಾತು ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ, ಯಾರೂ ಮರೆಯಲೂ ಇಲ್ಲ.

ಸ್ಟುಡಿಯೋದಲ್ಲಿ ಗಾಜಿನ ಕೋಣೆ, ಗೋಡೆಗೆಲ್ಲ ಸ್ಪಂಜು, ಮಧ್ಯೆ ಒಂದು ಮೇಜು, ಮೈಕು. ಮಾಸ್ತರು ಕೂತರು, ಕೆಮ್ಮಿದರು, ಕೆಂಪು ದೀಪ ಹತ್ತಿತು. ನೀಲಿ ರಟ್ಟಿನ ಮೊದಲ ಸಾಲಿನ ನಾಲ್ಕು ಪದ ಓದಿ ನಿಲ್ಲಿಸಿದರು. ಅದೇ ನಾಲ್ಕು ಪದಗಳನ್ನು ಮತ್ತೊಮ್ಮೆ ಓದಿದರು. ಆಮೇಲೆ ಮುಂದಿನ ನಾಲ್ಕು. ಸಾಲು ಮುಗಿದಾಗ ಗಟ್ಟಿಯಾಗಿ, "ಪೂರ್ಣವಿರಾಮ," ಎಂದರು.

ಗಾಜಿನ ಈಚೆ ಮಗಳು ತುಟಿ ಕಚ್ಚಿಕೊಂಡಳು. ಗುಂಡಿ ಒತ್ತಿ, "ಅಪ್ಪ, ಡಿಕ್ಟೇಷನ್ ಬೇಡ, ಸುಮ್ಮನೆ ಓದು," ಎಂದಳು.

"ಸುಮ್ಮನೇ ಓದ್ತಾ ಇದ್ದೀನಲ್ಲೇ."

ಮತ್ತೆ ಓದಿದರು. ಮತ್ತೆ ನಾಲ್ಕು ಪದ, ತಡೆ, ಅದೇ ನಾಲ್ಕು ಪದ, ಪೂರ್ಣವಿರಾಮ. ಮೂವತ್ತು ವರ್ಷ ಮಕ್ಕಳು ಬರೆದುಕೊಳ್ಳಲಿ ಎಂದು ಕಾದು ಕಾದು ಓದಿದ ಬಾಯಿ ಅದು, ಕಾಯದೆ ಓದುವುದು ಹೇಗೆಂದು ಅದಕ್ಕೆ ಗೊತ್ತಿರಲಿಲ್ಲ. ಐದು ಸಲ ಆಯಿತು. ಯಜಮಾನರು, "ಮೈಕಿನದೇ ಏನೋ ತೊಂದರೆ ಇರಬೇಕು," ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿ, ಬಾಗಿಲ ಬಳಿ ನಿಂತಿದ್ದ ತಮ್ಮನನ್ನು ಕರೆದರು. "ನೀವೊಂದು ನಾಲ್ಕು ಸಾಲು ಓದಿ ಸ್ವಾಮಿ, ಪರೀಕ್ಷೆ ಮಾಡೋಣ."

ತಮ್ಮ ಅಣ್ಣನ ಮುಖ ನೋಡಿದ. ಮಾಸ್ತರು, "ಓದು, ಓದು. ಬರೋದಾದ್ರೆ ಓದು," ಎಂದರು.

ಅವನಿಗೆ ಬಂತು. ನಾಲ್ಕು ಸಾಲು ಅಂದದ್ದು ಎರಡು ಪುಟವಾಯಿತು, ಯಾರೂ ನಿಲ್ಲಿಸಲಿಲ್ಲ. ಶಿಷ್ಯ ಕೇಳುವ ಪ್ರಶ್ನೆ ನಿಜವಾಗಿ ಯಾರೋ ಕೇಳಿದ ಹಾಗೆ, ಗುರು ಹೇಳುವ ಉತ್ತರ ಪಕ್ಕದಲ್ಲೇ ಕೂತು ಹೇಳಿದ ಹಾಗೆ. ಮೈಕಿಗೆ ಯಾವ ತೊಂದರೆಯೂ ಇರಲಿಲ್ಲ. ಯಜಮಾನರು ಕಿವಿಯಿಂದ ಹೆಡ್‌ಫೋನ್ ತೆಗೆಯದೆ, "ಇವರು ಯಾರಮ್ಮ? ಎಲ್ಲಿದ್ದರು ಇಷ್ಟು ದಿನ?" ಎಂದು ಮಗಳನ್ನು ಕೇಳಿದರು. ಪುಸ್ತಕ ಇವರೇ ಓದಲಿ ಎಂದು ಅಲ್ಲೇ ಗೊತ್ತುಮಾಡಿದರು.

ಮಾಸ್ತರ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಗಳಿಗೆಯಲ್ಲಿ.

ಅಂದು ಹೆಂಡತಿ ಕೇಳದೆಯೇ ಮೆಣಸಿನಕಾಯಿ ಒಗ್ಗರಣೆ ಹಾಕಿದಳು. ಗಂಟಲು ಕಾಯುವ ಕೆಲಸ ಮುಗಿದಿತ್ತಲ್ಲ! ಮಾಸ್ತರು ತಟ್ಟೆಯ ಮುಂದೆ ಕೂತು ಕೆಮ್ಮಿದರು.

"ನೀನು ಯಾವಾಗ ಕಲಿತೆ ಇಷ್ಟೆಲ್ಲ ಹಿಂದಿ?" ಎಂದರು ತಮ್ಮನಿಗೆ, ತಲೆ ಎತ್ತದೆ.

"ನೀನು ಟ್ಯೂಷನ್ ಹೇಳ್ತಿದ್ದೆಯಲ್ಲ ಅಣ್ಣ, ಪಡಸಾಲೆಯಲ್ಲಿ. ನಾನು ಆಚೆ ಕೂತು ಚಪ್ಪಲಿ ಹೊಲಿತಾ ಕೇಳ್ತಿದ್ದೆ. ಉಳಿದಿದ್ದು ಬಸ್ ಸ್ಟ್ಯಾಂಡಲ್ಲಿ."

"ಬಸ್ ಸ್ಟ್ಯಾಂಡ್ ಹಿಂದೀನ ಆ ಗ್ರಂಥಕ್ಕೆ ಸುರೀತಾರಂತೆ. ಕೇಳೋರ ಪುಣ್ಯ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಮೂಲೆಯಲ್ಲಿ ಕೂತಿದ್ದ ತಾಯಿ, ಯಾರಿಗೂ ಅಲ್ಲ ಎಂಬಂತೆ.

"ಅಮ್ಮ, ನೀನು ಸುಮ್ನಿರು," ಎಂದರು ಮಾಸ್ತರು. "ಅಲ್ಲ, ಕೆಲಸ ಬಿಟ್ಟು ಹೋಗ್ತಾನಂತಾ ಅಲ್ಲಿಗೆ?"

"ಬಿಡಲ್ಲ ಅಣ್ಣ. ಆರು ವಾರ ಸಂಬಳ ಇಲ್ಲದ ರಜೆ ಹಾಕ್ತೀನಿ. ಮೊದಲನೇ ಪುಸ್ತಕ ಸರಿಹೋದ್ರೆ ಆರೂ ಪುಸ್ತಕ ನನಗೇ ಕೊಡ್ತಾರಂತೆ. ಆಗ ನೋಡೋದು. ಇಲ್ಲಾಂದ್ರೆ ವಾಪಸ್ ಬಂದು ಬಸ್ ಕೂಗೋದು ಇದ್ದೇ ಇದೆ."

ಮೊದಲನೇ ಪುಸ್ತಕ ಸರಿಹೋದರೆ! ಮಾಸ್ತರಿಗೆ ಆ ಮಾತೊಂದೇ ಕಿವಿಯಲ್ಲಿ ಉಳಿಯಿತು. ಮರುದಿನ ಮಗಳು ಕೆಲಸಕ್ಕೆ ಹೋಗುವ ಮುಂಚೆಯೇ ಯಜಮಾನರಿಗೆ ಫೋನು ಮಾಡಿದರು. ಪಟ್ಟಿಯಲ್ಲಿ ಒಂದು ತಿದ್ದುಪಡಿ ಇದೆ, ಕೆಂಪು ರಟ್ಟಿನ ರಾಜನೀತಿಯೇ ಮೊದಲು ಬರಬೇಕು, ಅದು ಬುನಾದಿ, ಅದಿಲ್ಲದೆ ಉಳಿದವು ನಿಲ್ಲುವುದಿಲ್ಲ ಎಂದು ಗಂಭೀರವಾಗಿ ಹೇಳಿದರು. ಬಲ್ಲವರ ಮಾತು, ಯಜಮಾನರು ಒಪ್ಪಿದರು. ಆ ಅನುವಾದ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ನಿಮ್ಮ ಪ್ರತಿಯನ್ನೇ ಕೊಡಿ ಎಂದು ಬೇಡಿಕೊಂಡರು.

ಆ ಪ್ರತಿಯಲ್ಲಿ ಒಂದು ತಪ್ಪಿತ್ತು. ಅಚ್ಚು ಹಾಕಿದವನು ನಡುವಿನ ಎರಡು ಪ್ರಕರಣಗಳನ್ನು ಹಿಂದುಮುಂದು ಮಾಡಿ, ಪುಟಸಂಖ್ಯೆಯನ್ನು ಮಾತ್ರ ಸಾಲಾಗಿ ಹಾಕಿಬಿಟ್ಟಿದ್ದ. ಸುಮ್ಮನೆ ಓದಿಕೊಂಡು ಹೋದರೆ ತಿಳಿಯುವುದಿಲ್ಲ. ಮಾಸ್ತರು ಪ್ರಾಯದಲ್ಲಿ ಒಂದು ಗ್ರಂಥಾಲಯದ ಪ್ರತಿಯ ಜೊತೆ ಇಟ್ಟು ನೋಡಿ ಕಂಡುಹಿಡಿದು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: ಇಲ್ಲಿಂದ ನೂರಹದಿಮೂರಕ್ಕೆ ಹೋಗು, ಅದು ಮುಗಿದ ಮೇಲೆ ಇಲ್ಲಿಗೆ ಬಾ.

ಹೆಂಡತಿ ಬಟ್ಟೆ ಒಣಹಾಕಲು ಮಹಡಿ ಹತ್ತಿದ ಹೊತ್ತಿನಲ್ಲಿ ಮಾಸ್ತರು ಮೇಜಿನ ಮುಂದೆ ಕೂತು, ರಬ್ಬರು ತೆಗೆದುಕೊಂಡು, ಆ ಎರಡು ಗುರುತುಗಳನ್ನು ಅಳಿಸಿದರು. ನೀಟಾಗಿ, ಹಾಳೆ ಮುದುಡದ ಹಾಗೆ ಅಳಿಸಿದರು. ಓದಲಿ ಮೈಕು, ಓದಲಿ. ಪುಸ್ತಕ ಹೊರಗೆ ಬಂದ ಮೇಲೆ ಬಲ್ಲವರು ಯಾರಾದರೂ ಕೇಳಿ, ಯಾರಪ್ಪ ಇದನ್ನು ಓದಿದ ದಡ್ಡ ಅಂತ ಕೇಳಲಿ. ಒಂಬತ್ತನೇ ಕ್ಲಾಸ್ ಫೇಲು ಅಂತ ಆಗ ಎಲ್ಲರಿಗೂ ಗೊತ್ತಾಗುತ್ತದೆ.

ಮಹಡಿಯಿಂದ ಇಳಿದ ಹೆಂಡತಿ ಮೇಜಿನ ಕೆಳಗೆ ನೋಡಿದಳು. "ಏನಿದು ರಬ್ಬರ್ ಪುಡಿ? ಮನೇಲಿ ಸ್ಕೂಲ್ ಮಕ್ಕಳಿಲ್ಲವಲ್ಲ," ಎಂದಳು.

"ಏನೋ ತಿದ್ದಿದೆ."

ಅವಳು ಪೊರಕೆ ತಂದು ಗುಡಿಸಿದಳು.

ಆಮೇಲಿನ ವಾರಗಳಲ್ಲಿ ಮಾಸ್ತರಿಗೆ ಮನೆಯ ಯಾವ ಮೂಲೆಯಲ್ಲೂ ನೆಮ್ಮದಿ ಇರಲಿಲ್ಲ. ತಮ್ಮ ಬೆಳಿಗ್ಗೆ ನೀರು ತುಂಬುತ್ತ ಆ ಉದ್ದುದ್ದ ಪದಗಳನ್ನು ಬಾಯಿಪಾಠ ಮಾಡುತ್ತಿದ್ದ. ತೊಡರಿದರೆ ಅಡುಗೆಮನೆಯ ಕಡೆ ತಿರುಗಿ ಕೇಳುತ್ತಿದ್ದ.

"ಅತ್ತಿಗೆ, ಈ ಪದಕ್ಕೆ ಏನರ್ಥ?"

"ಕಣಜಕ್ಕೆ ಕಾವಲಿರೋನು," ಎನ್ನುತ್ತಿದ್ದಳು ಮಾಸ್ತರ ಹೆಂಡತಿ, ಈರುಳ್ಳಿ ಹೆಚ್ಚುತ್ತಲೇ.

"ನಿನಗೆ ಹೇಗೆ ಗೊತ್ತು?" ಎಂದು ಮಾಸ್ತರು ಒಳಗಿಂದ ಎದ್ದು ಬಂದರು.

"ನೀವೇ ಮೂವತ್ತು ವರ್ಷದಿಂದ ಗಟ್ಟಿಯಾಗಿ ಓದ್ತೀರಲ್ಲ. ಕಿವಿಗೆ ಬೀಗ ಹಾಕ್ಕೊಂಡಿರಲಾ?"

"ನನ್ನನ್ನು ಒಂದು ದಿನವೂ ಅರ್ಥ ಕೇಳಲಿಲ್ಲ ನೀನು."

"ನೀವು ಅರ್ಥ ಹೇಳ್ತೀರಿ ಅಂದ್ರೆ ಅನ್ನ ಸೀದುಹೋಗತ್ತೆ."

ತಮ್ಮ ನಕ್ಕ. ಮಾಸ್ತರು ನಗಲಿಲ್ಲ. ಮಧ್ಯಾಹ್ನ ನೋಡಿದರೆ ತಾಯಿ ಕಾಲು ಚಾಚಿ ಕೂತಿದ್ದಾಳೆ, ತಮ್ಮ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಾನೆ. ಹಿಂದಿಯ ಒಂದು ಅಕ್ಷರ ಬಾರದ ಮುದುಕಿ ತಲೆಯಾಡಿಸುತ್ತಿದ್ದಾಳೆ.

"ಏನು ಅರ್ಥವಾಯ್ತು ಅಂತ ತಲೆ ಆಡಿಸ್ತೀಯಮ್ಮ?"

"ಅರ್ಥ ಯಾಕೋ ಬೇಕು? ಕೇಳೋಕೆ ಹಿತವಾಗಿದೆ."

"ನಾನು ಓದಿದಾಗ ಎದ್ದು ಹೋಗ್ತಿದ್ದೆ."

"ನೀನು ಓದಿದ್ರೆ ಎಲ್ಲಿ ಪ್ರಶ್ನೆ ಕೇಳ್ತೀಯೋ ಅಂತ ಭಯ ಮಗಾ," ಎಂದಳು ತಾಯಿ.

ಕ್ಷೌರಕ್ಕೆ ಹೋದರೆ ಅಲ್ಲೂ ಅದೇ. ಕ್ಷೌರಿಕ ಕತ್ತರಿ ಆಡಿಸುತ್ತ, "ಮೈಕು ಈಗ ಪುಸ್ತಕ ಓದ್ತಾರಂತಲ್ಲ ಮಾಸ್ತರೇ. ಹಿಂದಿಯಂತೆ! ನೀವೇ ಕಲಿಸಿದ್ದಾ?" ಎಂದು ಕೇಳಿದ. ಇವರು ಹೌದು ಅನ್ನಲೂ ಆರರು, ಇಲ್ಲ ಅನ್ನಲೂ ಆರರು. "ಕಿವಿ ಹತ್ತಿರ ನೋಡಿಕೊಂಡು ಕತ್ತರಿಸು," ಎಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ನೋಡಿದರೆ ಹಿತ್ತಲ ಗಿಡವೇ ಮದ್ದಾಗಿ, ಮುಂಬಾಗಿಲಲ್ಲಿ ನೆಟ್ಟ ಮರವನ್ನು ಕೇಳುವವರಿಲ್ಲ.

ತಮ್ಮ ಕೆಂಪು ರಟ್ಟಿನಲ್ಲಿ ಮುಗ್ಗರಿಸಲೂ ಇಲ್ಲ. ಪ್ರತಿದಿನ ಮಗಳು ಬಂದಾಗ ಮಾಸ್ತರು ಎಲ್ಲಿಯವರೆಗೆ ಬಂತು ಎಂದು ಕೇಳುತ್ತಿದ್ದರು. ಕೋಟೆಯ ಪ್ರಕರಣ ಮುಗಿಯಿತು ಅಂದಳು. ತೆರಿಗೆ ಮುಗಿಯಿತು ಅಂದಳು. ಚಿಕ್ಕಪ್ಪ ಯಾಕೋ ಹಿಂದುಮುಂದು ಮಾಡಿ ಓದುತ್ತಿದ್ದಾರೆ, ಯಾವುದನ್ನು ಮೊದಲು ಓದಿದರೂ ಜೋಡಿಸುವಾಗ ಪುಟದ ಪ್ರಕಾರ ಸರಿ ಮಾಡುತ್ತೇನೆ ಬಿಡು ಅಂದಳು. ಪುಟದ ಪ್ರಕಾರ ಎಂಬ ಮಾತು ಕೇಳಿ ಮಾಸ್ತರು ನೀರು ಕುಡಿದರು.

ಐದನೇ ವಾರದ ಕೊನೆಯಲ್ಲಿ ಮಗಳು ಊಟದ ಹೊತ್ತಿಗೆ ಫೋನು ತೆಗೆದು, "ಮೊದಲನೇ ಭಾಗ ರೆಡಿ, ಎಲ್ಲರೂ ಕೇಳಿ," ಎಂದು ತಟ್ಟೆಗಳ ನಡುವೆ ಇಟ್ಟಳು. ತಮ್ಮ, "ಈಗ ಬೇಡ ಪುಟ್ಟಿ," ಎಂದು ಕೈ ಚಾಚಿದರೂ ಅವಳು ಬಿಡಲಿಲ್ಲ. ಅವನ ದನಿ ಹಿಂದಿಯಲ್ಲಿ ಶುರುವಾಯಿತು. ಗ್ರಂಥದ ಹೆಸರು, ಅನುವಾದಕನ ಹೆಸರು. ಆಮೇಲೆ ಇನ್ನೊಂದು ಸಾಲು: ನನಗೆ ಹಿಂದಿ ಕಲಿಸಿದ ನನ್ನ ಅಣ್ಣನವರ ಪ್ರತಿಯಿಂದ ಓದಲಾಗಿದೆ.

ಮಾಸ್ತರ ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಇದನ್ನು ಯಾರು ಹಾಕು ಅಂದ್ರು?" ಎಂದರು ಕೊನೆಗೆ.

"ನಾನೇ ಹಾಕಿದೆ," ಎಂದ ತಮ್ಮ. "ಬೇಡ ಅಂದ್ರೆ ತೆಗೆಸ್ತೀನಿ."

"ಹೊಗಳೋದು ಯಾಕೆ? ನಾಳೆ ತಪ್ಪೇನಾದ್ರೂ ಇದ್ರೆ ಅಣ್ಣನ ತಲೆಗೇ ಕಟ್ಟೋಕಾ?"

ತಮ್ಮ ಅಣ್ಣನನ್ನೇ ನೋಡಿದ. "ತಪ್ಪೇನಿದೆ ಅಣ್ಣ?"

"ನನಗೇನು ಗೊತ್ತು!" ಎಂದು ಮಾಸ್ತರು ತಟ್ಟೆಯಲ್ಲೇ ಕೈತೊಳೆದು ಎದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಪಾತ್ರೆ ತೊಳೆಯುವಲ್ಲಿಗೆ ತಟ್ಟೆ ತಂದಿಟ್ಟ ಗಂಡನನ್ನು ಹೆಂಡತಿ ತಡೆದು ನಿಲ್ಲಿಸಿದಳು.

"ರೀ, ಆ ಪುಡಿ ಗುಡಿಸಿದ್ದು ನಾನು. ನೀವು ಆ ಪುಸ್ತಕ ಓದುವಾಗ ಒಂದು ಕಡೆ ಹಾಳೆ ಮಗುಚಿ ಮುಂದಕ್ಕೆ ಹೋಗ್ತೀರಿ, ಆಮೇಲೆ ಹಿಂದಕ್ಕೆ ಬರ್ತೀರಿ. ಮೂವತ್ತು ವರ್ಷದಿಂದ ನೋಡಿದ್ದೀನಿ. ಅಲ್ಲೇ ಅಲ್ವಾ ಅಳಿಸಿದ್ದು?"

ಮಾಸ್ತರು ಗೋಡೆ ನೋಡಿದರು.

"ಅವನು ಸಂಬಳ ಬಿಟ್ಟು ಕೂತಿದ್ದಾನೆ. ಒಂದು ಸಲ ಒಂದು ಅಂಕಕ್ಕೆ ಅವನನ್ನು ಮನೆಗೆ ಕಳಿಸಿದ್ರಿ. ಆಗ ನ್ಯಾಯ ಅಂದ್ರಿ. ಈಗ ಏನಂತೀರಿ?"

"ಹೊಟ್ಟೆ ಉರಿಯುತ್ತೆ ಕಣೇ," ಎಂದುಬಿಟ್ಟರು ಮಾಸ್ತರು. "ನನ್ನ ಬೀರು, ನನ್ನ ಪುಸ್ತಕ, ನನ್ನ ಹಿಂದಿ. ನನ್ನ ಹತ್ತಿರ ಇದ್ದಿದ್ದು ಅದೊಂದೇ. ಅದೂ ಅವನದಾಯ್ತು. ನೀವೆಲ್ಲ ಅವನ ಸುತ್ತ ಕೂತಿದ್ದೀರಿ."

"ಉರಿದ್ರೆ ಉರೀಲಿ. ಮಜ್ಜಿಗೆ ಕುಡೀರಿ. ನಾನು ಯಾರಿಗೂ ಹೇಳಲ್ಲ. ಹೇಳೋದಾದ್ರೆ ನೀವೇ ಹೇಳ್ಬೇಕು. ಹೇಳದಿದ್ರೆ ನಾಳೆಯಿಂದ ನಿಮ್ಮ ಬಿಸಿನೀರು ನೀವೇ ಕಾಯಿಸ್ಕೊಳ್ಳಿ."

ಮರುದಿನ ಬೆಳಿಗ್ಗೆ ಬಿಸಿನೀರು ಬರಲಿಲ್ಲ. ಮಾಸ್ತರು ಒಂದು ಗಂಟೆ ಕಾದರು. ಅಂಗಿ ಹಾಕಿಕೊಂಡರು, ಬಿಚ್ಚಿದರು, ಮತ್ತೆ ಹಾಕಿಕೊಂಡರು. ಜೇಬಿಗೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡು, ಇಸ್ತ್ರಿಯಿಲ್ಲದ ಆ ಅಂಗಿಯಲ್ಲೇ ಸ್ಟುಡಿಯೋಗೆ ನಡೆದರು.

ಮಗಳು ಯಂತ್ರದ ಮುಂದೆ ಕೂತಿದ್ದಳು. ಗಾಜಿನೊಳಗೆ ತಮ್ಮ, ಮುಂದೆ ಕೆಂಪು ರಟ್ಟಿನ ಪುಸ್ತಕ, ಆದರೆ ಓದುತ್ತಿರಲಿಲ್ಲ. ಮಾಸ್ತರು ಬಾಗಿಲು ತಳ್ಳಿ ಒಳಗೆ ಹೋಗಿ ಅವನೆದುರು ನಿಂತರು.

"ಅದರಲ್ಲಿ ಒಂದು ತಪ್ಪಿದೆ," ಎಂದರು. "ಅಚ್ಚಿನ ತಪ್ಪು. ಎರಡು ಪ್ರಕರಣ ಹಿಂದುಮುಂದಾಗಿದೆ. ನೂರಹದಿಮೂರರಿಂದ..."

"ಗೊತ್ತು ಅಣ್ಣ."

"ಗೊತ್ತಾ? ಯಾವಾಗಿಂದ?"

"ಎರಡನೇ ದಿನದಿಂದ. ರಾಜನ ದೂತ ಹೊರಡೋ ಮುಂಚೆಯೇ ವಾಪಸ್ ಬಂದು ವರದಿ ಒಪ್ಪಿಸ್ತಾನೆ. ಹೊರಡದಿರೋ ಬಸ್ಸು ಬಂತು ಅಂತ ನಾನು ಯಾವತ್ತಾದ್ರೂ ಕೂಗಿದ್ದೀನಾ?" ತಮ್ಮ ಪುಸ್ತಕ ತೆರೆದು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. "ಆಮೇಲೆ ಇದು ಸಿಕ್ತು. ನಿನ್ನ ಕೈ ಭಾರ ಅಣ್ಣ, ಒತ್ತಿ ಬರೀತೀಯ. ಬರೆದಿದ್ದು ಹೋದ್ರೂ ಗೀರು ಹೋಗಿಲ್ಲ. ಹೊಲಿಗೆ ಸಂದಿಯಲ್ಲಿ ರಬ್ಬರ್ ಪುಡಿಯೂ ಇತ್ತು."

ಮಾಸ್ತರು ಕುರ್ಚಿ ಎಳೆದುಕೊಂಡು ಕೂತರು.

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಸರಿಮಾಡಿಕೊಂಡು ಓದಿ ಮುಗಿಸಬಹುದಿತ್ತಲ್ಲ."

"ಅವೆರಡು ಪ್ರಕರಣ ಬಿಟ್ಟು ಉಳಿದಿದ್ದೆಲ್ಲ ಓದಿದ್ದೀನಿ. ಇವನ್ನ ಮಾತ್ರ ಇಟ್ಟುಕೊಂಡಿದ್ದೆ. ನೀನು ಬಂದು ಹೇಳ್ತೀಯ ಅಂತ."

"ಬರದೇ ಇದ್ದಿದ್ರೆ?"

"ಬಸ್ಸು ತಡವಾದ್ರೆ ಜನ ಏನು ಮಾಡ್ತಾರೆ? ಬಯ್ಕೊಂಡು ಕಾಯ್ತಾರೆ," ಎಂದ ತಮ್ಮ. ಆಮೇಲೆ ದನಿ ತಗ್ಗಿಸಿ, "ನಾನೂ ಬಯ್ದೆ ಅಣ್ಣ. ಸುಳ್ಳು ಹೇಳಲ್ಲ. ದಿನಾ ಬಯ್ದೆ," ಎಂದ.

ಮಾಸ್ತರು ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು, ಜೇಬಿನಿಂದ ಪೆನ್ಸಿಲ್ ತೆಗೆದು, ಹಳೆಯ ಗೀರಿನ ಮೇಲೆಯೇ ಮತ್ತೆ ಬರೆದರು. ಇಲ್ಲಿಂದ ನೂರಹದಿಮೂರಕ್ಕೆ ಹೋಗು. ಇನ್ನೊಂದು ಗುರುತನ್ನೂ ಬರೆದರು. ಪುಸ್ತಕ ವಾಪಸ್ ತಳ್ಳಿ ಹೊರಗೆ ಬಂದು ಮಗಳ ಪಕ್ಕ ಕೂತರು. ಅವಳು ಅಪ್ಪನ ಮುಖ ನೋಡದೆ ಅವರ ಕಿವಿಗೆ ಹೆಡ್‌ಫೋನ್ ಹಾಕಿದಳು. ಕೆಂಪು ದೀಪ ಹತ್ತಿತು.

ತಮ್ಮ ಓದಿದ. ದೂತ ಹೊರಟ, ನದಿ ದಾಟಿದ, ಪರರಾಜನ ಸಭೆಯಲ್ಲಿ ನಿಂತ. ಮಾಸ್ತರು ಕಣ್ಣು ಮುಚ್ಚಿ, ಬೆರಳು ಮಡಿಸಿ, ಒಂದೊಂದೇ ಉಚ್ಚಾರಣೆಯನ್ನು ಹಿಡಿದು ನೋಡಿದರು. ಒಂದೇ ಒಂದು ತಪ್ಪು ಸಿಗಲಿ ಎಂದು ಕಾದರು. ಪ್ರಕರಣ ಮುಗಿಯುತ್ತ ಬಂತು, ಸಿಗಲಿಲ್ಲ. ಹೊಟ್ಟೆಯುರಿ ಆರಿತೇ ಎಂದರೆ ಆರಲಿಲ್ಲ. ಇಷ್ಟು ಚೆನ್ನಾಗಿ ಓದುತ್ತಾನಲ್ಲ ಎಂದು ಇನ್ನೂ ಸ್ವಲ್ಪ ಉರಿಯಿತು.

"ಹೇಗಿದೆ ಅಪ್ಪ?" ಎಂದು ಮಗಳು ಪಿಸುಗುಟ್ಟಿದಳು.

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಎಷ್ಟು?" ಎಂದು ಅವಳು ಗುಂಡಿಯ ಮೇಲೆ ಬೆರಳು ಒತ್ತಿ ಹಿಡಿದಳು. "ಈಗ ಹೇಳು, ಚಿಕ್ಕಪ್ಪನಿಗೆ ಕೇಳುತ್ತೆ."

ಗಾಜಿನಾಚೆ ತಮ್ಮ ತಲೆ ಎತ್ತಿದ. ನಲವತ್ತಾರು ವರ್ಷದ ಗಂಡಸು, ಒಂಬತ್ತನೇ ಕ್ಲಾಸಿನ ಹುಡುಗನ ಹಾಗೆ ಎರಡೂ ಕೈಗಳನ್ನು ಪುಸ್ತಕದ ಮೇಲಿಟ್ಟು ಕಾದ. ಮಾಸ್ತರು ಗಂಟಲು ಸರಿಮಾಡಿಕೊಂಡರು.

"ಮೂವತ್ತೈದು," ಎಂದರು.

ತಮ್ಮ ಗೊಳ್ಳೆಂದು ನಕ್ಕುಬಿಟ್ಟ. ಆ ನಗುವೂ ರೆಕಾರ್ಡ್ ಆಯಿತು. ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕಾಯಿತು.